ತೋಟದ ಹಿಸೆ ಮತ್ತು ಕಲ್ಯಾಣದ ಶಾಸ್ತ್ರಜ್ಞ

ನಮ್ಮ ವಾನಳ್ಳಿ ಕಡೆ ಅಡಕೆ ತೋಟದ ಹಿಸೆ ಪಂಚಾಯ್ತಿಗೆ ಕೂತರೆ ಒಂದು ಮಾತು ಬಂದೇ ಬರುತ್ತೆ: ‘ಹೆಣ್ಮಕ್ಕಳಿಗೆ ಪಾಲು ಕೊಡಬೇಕು ಅಂತ ಶಾಸ್ತ್ರದಲ್ಲಿಲ್ಲ.’ ಯಾವ ಶಾಸ್ತ್ರ, ಬರೆದವರು ಯಾರು ಅಂತ ಮರುಪ್ರಶ್ನೆ ಹಾಕಿದರೆ ಎಲ್ಲರೂ ಕವಳದ ತಬಕಿಗೆ ಕೈ ಹಾಕುತ್ತಾರೆ.

ಆ ಶಾಸ್ತ್ರಕ್ಕೆ ಹೆಸರಿದೆ, ಮಿತಾಕ್ಷರ. ಬರೆದವನು ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದವನು. ಕಾನೂನು ಮಾಡುವ ಅಧಿಕಾರ ಅವನಿಗಿರಲಿಲ್ಲ. ಹಳೆಯ ಯಾಜ್ಞವಲ್ಕ್ಯ ಸ್ಮೃತಿಗೆ ಅರ್ಥ ಹೇಳಿದ, ಅಷ್ಟೆ. ಆಸ್ತಿ ಹಂಚುವ ಕಾನೂನಿಗೆ ಮೂಲವಾದ ಈತ ಸ್ವತಃ ಸಂನ್ಯಾಸಿ!

ಇಂಥವರು ಎಲ್ಲ ಕಡೆ ಇದ್ದರು. ಯುರೋಪಿನಲ್ಲಿ ಸುಮಾರು 1140ರ ಹೊತ್ತಿಗೆ ಬೊಲೋನ್ಯಾದ ಗ್ರಾಶಿಯನ್, ಚರ್ಚಿನ ಪರಸ್ಪರ ತಾಳೆಯಾಗದ ನಿಯಮಗಳನ್ನೆಲ್ಲ ಒಟ್ಟುಮಾಡಿ ಹೊಂದಿಸಿದ. ಅವನ ಹಿಂದೆ ಬಂದ ಚರ್ಚ್ ಕಾನೂನು ಪಂಡಿತರು ಗಂಡು ಹೆಣ್ಣಿನ ಒಪ್ಪಿಗೆಯೇ ಮದುವೆ ಎಂಬ ತತ್ತ್ವವನ್ನು ಗಟ್ಟಿಮಾಡಿದರು. ಪಠ್ಯ ಹಳೆಯದು, ತೀರ್ಮಾನ ಓದುವವನದು.

ವಿಜ್ಞಾನೇಶ್ವರನ ದೊಡ್ಡ ತೀರ್ಮಾನ ಇದು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು. ಬಂಗಾಳದ ಜೀಮೂತವಾಹನ ಇದನ್ನೊಪ್ಪದೆ, ಅಪ್ಪ ತೀರಿದ ಮೇಲಷ್ಟೇ ಅಂದ. ಆದರೆ ನಮ್ಮ ಪಂಚಾಯ್ತಿಯವರು ಓದದೇ ಬಿಟ್ಟ ಭಾಗ ಬೇರೆ ಇದೆ. ಅಪ್ಪ ಸತ್ತ ಮೇಲೆ ಮದುವೆಯಾಗದ ಮಗಳಿಗೆ, ಅವಳು ಗಂಡಾಗಿದ್ದರೆ ಸಿಗುತ್ತಿದ್ದ ಪಾಲಿನ ಕಾಲು ಭಾಗ ಸಿಗಬೇಕು ಅನ್ನುತ್ತೆ ಮಿತಾಕ್ಷರ. ‘ಕಾಲು ಭಾಗ ಅಂದರೆ ಮದುವೆ ಖರ್ಚಿಗಾಗುವಷ್ಟು’ ಅಂದವರ ವಾದವನ್ನು ವಿಜ್ಞಾನೇಶ್ವರ ಹೆಸರೆತ್ತಿ ತಳ್ಳಿಹಾಕುತ್ತಾನೆ. ಸ್ತ್ರೀಧನಕ್ಕೂ ಅವನು ಕೊಟ್ಟ ಅರ್ಥ ದೊಡ್ಡದು. ಹೆಣ್ಣಿಗೆ ವಾರಸಾಗಿ ಬಂದದ್ದು, ಪಾಲಿನಲ್ಲಿ ಬಂದದ್ದು, ಅವಳು ಕೊಂಡದ್ದು, ಎಲ್ಲ ಅವಳದೇ.

ಹಾಗಾದರೆ ಇದನ್ನು ಕುಗ್ಗಿಸಿದ್ದು ಯಾರು? 1772ರಲ್ಲಿ ವಾರನ್ ಹೇಸ್ಟಿಂಗ್ಸ್, ಹಿಂದೂಗಳ ವಾರಸಾ ವ್ಯಾಜ್ಯ ಶಾಸ್ತ್ರದಂತೆ ತೀರಲಿ ಅಂದ. ಕೋರ್ಟುಗಳಿಗೆ ಪಂಡಿತರು ಬಂದರು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಧೀಶರಿಗೆ ಪಂಡಿತರ ಗರಜು ಕಮ್ಮಿಯಾಗ್ತಾ ಬಂತು. 1864ಕ್ಕೆ ಆ ಹುದ್ದೆಯೇ ಹೋಯ್ತು. ಲಂಡನ್ನಿನ ಪ್ರಿವಿ ಕೌನ್ಸಿಲ್ ಸ್ತ್ರೀಧನದ ಅರ್ಥವನ್ನು ಕಿರಿದು ಮಾಡಿತು. ಮಗಳ ಕಾಲು ಭಾಗ ವ್ಯವಹಾರದಲ್ಲಿ ಮದುವೆ ಖರ್ಚಿಗೇ ಇಳಿಯಿತು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದಾಗಲೂ ಎರಡೂ ಕಡೆ ಮಿತಾಕ್ಷರವೇ ಮುಖ್ಯ ಆಧಾರ. ‘ನಮ್ಮ ಸಂಪ್ರದಾಯ’ ಅಂತ ಇವತ್ತು ಹೇಳೋದರಲ್ಲಿ ಈ ಕೋರ್ಟುಗಳ ಪಾಲೂ ಸಾಕಷ್ಟಿದೆ.

1956ರ ಉತ್ತರಾಧಿಕಾರ ಕಾಯ್ದೆಯೂ ಮಗಳಿಗೆ ಹುಟ್ಟಿನ ಹಕ್ಕು ಕೊಡಲಿಲ್ಲ. ಕರ್ನಾಟಕ 1994ರಲ್ಲಿ ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಬೇಲಿ ತೆಗೆಯಿತು. 2015ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕು ಅಂದಿತು; 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ಕೋರ್ಟು, ಬೇಕಿಲ್ಲ ಅಂದಿತು. ಕಾರಣ ಕೇಳಿ: ಹಕ್ಕು ಬರುವುದು ಹುಟ್ಟಿನಿಂದ, ಅಪ್ಪನ ಸಾವಿನಿಂದಲ್ಲ. ವಿಜ್ಞಾನೇಶ್ವರನದೇ ತರ್ಕ, ಈಗ ಮಗಳಿಗೂ.

2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ಆದ ಹಿಸೆಯನ್ನು ಈಗ ಕೆದಕೋಕೆ ಬರಲ್ಲ. ‘ಬಾಯಿಮಾತಲ್ಲೇ ಹಿಸೆ ಆಗಿತ್ತು’ ಅನ್ನೋ ವಾದವನ್ನು ಕೋರ್ಟು ಸುಲಭಕ್ಕೆ ನಂಬಲ್ಲ, ಸರ್ಕಾರಿ ದಾಖಲೆಯ ಬೆಂಬಲ ಬೇಕು. ಹಾಗಾಗಿ ಈಗ ಒತ್ತಾಯವೆಲ್ಲ ಹಕ್ಕುಬಿಡುಗಡೆ ಪತ್ರದ ಸುತ್ತ. ತಂಗಿಯನ್ನು ಹಬ್ಬಕ್ಕೆ ಕರೆದು, ಸಬ್‌ರಿಜಿಸ್ಟ್ರಾರ್ ಕಚೇರಿಗೂ ಒಮ್ಮೆ ಹೋಗಿ ಬರೋಣ ಅನ್ನುವ ಅಣ್ಣಂದಿರಿಗೆ ಶಾಸ್ತ್ರದ ನೆಪವೂ ಬೇಕಾಗಿಲ್ಲ.