ಪಟಾಕಿ ಗೋದಾಮಿನ ಬೆಂಕಿ: ಅಂತರ ಕಾಯುವ ವಿದ್ಯೆ ಬೆಳೆದ ಬಗೆ

2023ರ ಆಗಸ್ಟ್ 29ರಂದು ಹಾವೇರಿ ಬಳಿಯ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಸತ್ತರು. ನಲವತ್ತು ದಿನ ತುಂಬುವ ಮೊದಲೇ, ಅಕ್ಟೋಬರ್ 7ರಂದು, ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಇಳಿಸುವಾಗ ಎದ್ದ ಬೆಂಕಿಗೆ ಅಂದೇ 14 ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ದೀಪಾವಳಿ ಹಂಗಾಮಿನ ದುಡಿಮೆಗೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಶಿವಕಾಶಿಯ ಮಾಲು ಉತ್ತರ ಕರ್ನಾಟಕ ಸೇರುವ ದಾರಿಯಲ್ಲಿ ಅತ್ತಿಬೆಲೆ ರಾಜ್ಯದ ಹೆಬ್ಬಾಗಿಲಾದರೆ ಹಾವೇರಿ ದೂರದ ಪೇಟೆ. ನಡುವೆ ಹಿರಿಯೂರು, ಚಿತ್ರದುರ್ಗ. ಅಲ್ಲಿಂದ ಕವಲೊಡೆದು ಹೊಳಲ್ಕೆರೆ, ಹೊಸದುರ್ಗ. ಇದು ಗಣಿ ಮತ್ತು ಕಲ್ಲುಕ್ವಾರಿಗಳ ಸೀಮೆಯೂ ಹೌದು. ಪಟಾಕಿಯ ಜತೆಗೆ ಜಿಲೆಟಿನ್ ಕಡ್ಡಿಗಳೂ ಇದೇ ರಸ್ತೆಗಳಲ್ಲಿ ಓಡಾಡುತ್ತವೆ. ಈ ನಾಲ್ಕು ಊರುಗಳಲ್ಲಿ ಗಂಟೆ ಬಾರಿಸಿದಾಗ ವಾಹನ ಏರುವ ಅಗ್ನಿಶಾಮಕ ಸಿಬ್ಬಂದಿಯ ಜೀವ ಯಾವುದರ ಮೇಲೆ ನಿಂತಿದೆ? ಕಳೆದ ಎಂಬತ್ತು ವರ್ಷಗಳ ಅನುಭವ ಕೊಡುವ ಉತ್ತರ ಒಂದೇ: ಒಳಗೆ ಏನಿದೆ ಎಂಬ ತಿಳಿವಳಿಕೆಯ ಮೇಲೆ, ಮತ್ತು ಆ ತಿಳಿವಳಿಕೆಯಂತೆ ದೂರ ನಿಲ್ಲಲು ಅವರಿಗಿರುವ ಅಧಿಕಾರದ ಮೇಲೆ. ಧೈರ್ಯಕ್ಕೂ ಉಡುಪಿಗೂ ಅದರ ನಂತರದ ಸ್ಥಾನ.

ಮದ್ದು ಈ ನೆಲಕ್ಕೆ ಹೊಸದಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಬೃಹತ್ ಕಲ್ಲುಗಳು ಇಂದಿಗೂ ಇವೆ. ಆದರೆ ಮದ್ದಿನ ಬೆಂಕಿಗೆ ನೀರು ಹಿಡಿದು ಹೋಗುವವನ ಸುರಕ್ಷತೆ ಒಂದು ಪ್ರತ್ಯೇಕ ವಿಷಯವಾಗಿ ಕಂಡದ್ದು ತೀರ ಈಚೆಗೆ. ಭಾರತದಲ್ಲಿ ಅದರ ಮೊದಲ ದೊಡ್ಡ ಪಾಠ 1944ರ ಏಪ್ರಿಲ್ 14ರ ಮುಂಬಯಿ ಬಂದರಿನದು. ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯ ಅಂಡಿಗೆಗಳೂ ಸುಮಾರು 1,400 ಟನ್ ಸ್ಫೋಟಕಗಳೂ ಒಟ್ಟಿಗಿದ್ದವು. ಹತ್ತಿಗೆ ಹತ್ತಿದ ಬೆಂಕಿಯನ್ನು ಆರಿಸಲು ಸಿಬ್ಬಂದಿ ಗಂಟೆಗಟ್ಟಲೆ ನೀರು ಸುರಿಯುತ್ತಿದ್ದಾಗಲೇ ಹಡಗು ಸಿಡಿಯಿತು. 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತೇವೆ. ಅವರ ತ್ಯಾಗವನ್ನು ಹೊಗಳುವಷ್ಟೇ ಗಟ್ಟಿಯಾಗಿ, ಅವರನ್ನು ಆ ಹಡಗಿನಿಂದ ಹಿಂದಕ್ಕೆ ಕರೆಯುವ ಮಾತು ಹೊತ್ತಿಗೆ ಸರಿಯಾಗಿ ಯಾರ ಬಾಯಿಂದಲೂ ಏಕೆ ಬರಲಿಲ್ಲ ಎಂದು ಕೇಳುವುದೂ ಆ ದಿನದ ಕೆಲಸವಾಗಬೇಕು.

ಸಾಮಾನ್ಯ ಬೆಂಕಿಯ ತರಬೇತಿ ಗಾಳಿಯನ್ನು ಕತ್ತರಿಸುವುದನ್ನು ಕಲಿಸುತ್ತದೆ. ಪಟಾಕಿಯ ಮುಂದೆ ಆ ಪಾಠ ನಡೆಯುವುದಿಲ್ಲ. ಕರಿಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ನೊರೆ ಹೊದಿಸಿದರೂ ಮರಳು ಮುಚ್ಚಿದರೂ ಹತ್ತಿದ ಮದ್ದು ಉರಿದೇ ತೀರುತ್ತದೆ. ಶಬ್ದದ ಪಟಾಕಿಗಳಲ್ಲಿರುವ ಅಲ್ಯೂಮಿನಿಯಂ ಪುಡಿಯ ಮಿಶ್ರಣ ಇನ್ನೂ ಕಠಿಣ: ಒದ್ದೆಯಾದ ಲೋಹದ ಪುಡಿ ನಿಧಾನವಾಗಿ ಬಿಸಿಯೇರಿ ಹೈಡ್ರೋಜನ್ ಬಿಡಬಹುದು. ನೀರಿನಿಂದ ಕೆಲಸವಿಲ್ಲ ಎಂದಲ್ಲ. ಇನ್ನೂ ಹತ್ತದ ಪೆಟ್ಟಿಗೆಗಳನ್ನು, ಪಕ್ಕದ ಗೋಡೆಗಳನ್ನು ತಂಪಾಗಿಡಲು ನೀರೇ ಬೇಕು, ಅದೂ ಹೇರಳವಾಗಿ. ಆದರೆ ದೂರದಿಂದ, ಸಾಧ್ಯವಾದರೆ ಕೈಬಿಟ್ಟರೂ ತಾನೇ ನಿಲ್ಲುವ, ಮಾನಿಟರ್ ಎಂಬ ನೀರಿನ ಫಿರಂಗಿಯಿಂದ. ಮೈಮೇಲಿನ ಉಡುಪು ಕಾವನ್ನು ತಡೆಯುತ್ತದೆ, ಉಸಿರಾಟದ ಉಪಕರಣ ಗಂಧಕದ ಹೊಗೆಯನ್ನು ತಡೆಯುತ್ತದೆ. ಸ್ಫೋಟದ ಅಲೆಯನ್ನಾಗಲಿ ಹಾರಿಬರುವ ಶಟರಿನ ತಗಡನ್ನಾಗಲಿ ಎರಡೂ ತಡೆಯವು.

ಈ ರಸಾಯನಶಾಸ್ತ್ರ ಮೊದಲೇ ಗೊತ್ತಿತ್ತು. ಗೊತ್ತಿರದಿದ್ದದ್ದು ಸಂಗ್ರಹದ ಸ್ವಭಾವ. ಅದನ್ನು ಕಲಿಸಿದ್ದು ಯುರೋಪಿನ ಮೂರು ದುರಂತಗಳು. 2000ದ ಮೇ 13ರಂದು ನೆದರ್‌ಲ್ಯಾಂಡಿನ ಎನ್‌ಸ್ಖೆಡೆಯಲ್ಲಿ ವಸತಿ ಬಡಾವಣೆಯ ನಡುವಿದ್ದ ಪಟಾಕಿ ಸಂಗ್ರಹಾಗಾರ ಸಿಡಿದು ನಾಲ್ವರು ಅಗ್ನಿಶಾಮಕರೂ ಸೇರಿ 23 ಮಂದಿ ಸತ್ತರು, ಸುಮಾರು 400 ಮನೆಗಳು ನೆಲಸಮವಾದವು. ಒಳಗಿದ್ದ ಮಾಲಿನ ಬಹುಪಾಲು ಕಾಗದದ ಮೇಲೆ ಕಡಿಮೆ ಅಪಾಯದ 1.4 ವರ್ಗದ್ದು, ನಿಜದಲ್ಲಿ ಅದಕ್ಕಿಂತ ಉಗ್ರವಾದದ್ದು ಅಲ್ಲಿತ್ತು. ಬಂದವರು ಕಾಗದ ಹೇಳಿದ ಅಪಾಯಕ್ಕೆ ತಕ್ಕಷ್ಟು ಹತ್ತಿರ ನಿಂತಿದ್ದರು. 2004ರ ನವೆಂಬರ್ 3ರಂದು ಡೆನ್ಮಾರ್ಕಿನ ಕೋಲ್ಡಿಂಗ್ ಬಳಿ ಪಟಾಕಿ ಗೋದಾಮು ಸಿಡಿದು ಒಬ್ಬ ಅಗ್ನಿಶಾಮಕ ಸತ್ತರೂ, ಸುತ್ತಲಿನ ಮನೆಗಳನ್ನು ಮೊದಲೇ ಖಾಲಿ ಮಾಡಿಸಿದ್ದರಿಂದ ಊರಿನ ಜನ ಉಳಿದರು. 2006ರ ಡಿಸೆಂಬರ್ 3ರಂದು ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನ ತೋಟವೊಂದರಲ್ಲಿ ಪಟಾಕಿ ತುಂಬಿದ್ದ ಉಕ್ಕಿನ ಕಂಟೇನರ್ ಸಿಡಿದು ಅಗ್ನಿಶಾಮಕ ಸೇವೆಯ ಇಬ್ಬರು ಹೋದರು. ಎನ್‌ಸ್ಖೆಡೆಯ ನಂತರ ಯುರೋಪಿನಲ್ಲಿ ನಡೆಸಿದ ದೊಡ್ಡ ಪ್ರಮಾಣದ ಪರೀಕ್ಷೆಗಳು ಇದರ ಕಾರಣವನ್ನು ತೋರಿಸಿಕೊಟ್ಟವು: ಬಯಲಿನಲ್ಲಿ ಒಂದೊಂದಾಗಿ ಸಿಡಿಯುವ ಕೆಲವು ಪಟಾಕಿಗಳು ಉಕ್ಕಿನ ಗೋಡೆಗಳ ನಡುವೆ ಒತ್ತಾಗಿ ತುಂಬಿಟ್ಟರೆ ಇಡೀ ರಾಶಿಯಾಗಿ ಒಮ್ಮೆಲೇ ಸಿಡಿಯಬಲ್ಲವು. ಅಪಾಯವನ್ನು ಪೆಟ್ಟಿಗೆಯ ಮೇಲಿನ ಚೀಟಿಯಷ್ಟೇ ಹೇಳಲಾರದು. ಎಷ್ಟಿದೆ, ಯಾವುದರೊಳಗಿದೆ, ಯಾವುದರ ಪಕ್ಕದಲ್ಲಿದೆ ಎಂಬುದೂ ಬೇಕು. 2020ರ ಆಗಸ್ಟ್ 4ರಂದು ಬೇರೂತಿನ ಬಂದರಿನ ಗೋದಾಮಿನ ಬೆಂಕಿಗೆ ಹೋದ ಹತ್ತು ಮಂದಿಯ ತಂಡಕ್ಕೆ ಆ ಗೋದಾಮಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಇದೆ ಎಂದು ಯಾರೂ ಹೇಳಲಿಲ್ಲ. ಹತ್ತೂ ಮಂದಿ ಮರಳಲಿಲ್ಲ.

ನಮ್ಮ ಕಾನೂನು ಹಳೆಯದು, ವಿವರವಾದದ್ದು. 1884ರ ಸ್ಫೋಟಕ ಕಾಯ್ದೆ, ಅದರಡಿ 2008ರ ನಿಯಮಗಳು, ಅವುಗಳನ್ನು ನೋಡಿಕೊಳ್ಳಲು ನಾಗಪುರ ಕೇಂದ್ರವಾದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಹಬ್ಬದ ತಾತ್ಕಾಲಿಕ ಮಳಿಗೆಗಳು ಒಂದಕ್ಕೊಂದು 3 ಮೀಟರ್ ದೂರ ಇರಬೇಕು, ಎದುರುಬದುರು ಇರಬಾರದು, ಒಂದೆಡೆ 50ಕ್ಕಿಂತ ಹೆಚ್ಚು ಇರಬಾರದು ಎಂದೆಲ್ಲ ನಿಯಮವಿದೆ. 1992ರಲ್ಲಿ ಗಂಧಕ ಮತ್ತು ಕ್ಲೋರೇಟ್ ಬೆರಕೆಯನ್ನು ನಿಷೇಧಿಸಿದ್ದು ನಿಜವಾದ ಹೆಜ್ಜೆ. 2018ರಲ್ಲಿ ಸುಪ್ರೀಂ ಕೋರ್ಟ್ ತಯಾರಕರನ್ನು ಕಡಿಮೆ ಹೊಗೆಯ ಹಸಿರು ಪಟಾಕಿಯ ಕಡೆಗೆ ತಿರುಗಿಸಿತು. ಅದು ಹೊಗೆಯ ಲೆಕ್ಕಾಚಾರ, ಹಸಿರು ಪಟಾಕಿಯ ರಾಶಿಯೂ ಸಿಡಿಯುವ ರಾಶಿಯೇ. ಈ ನಿಯಮಗಳೆಲ್ಲ ಮಾರುವವನನ್ನು, ಕೊಳ್ಳುವವನನ್ನು, ನೆರೆಯವನನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ಬೆಂಕಿ ಬಿದ್ದ ಮೇಲೆ ಬರುವವನಿಗೆ ಬೇಕಾದದ್ದು ಬೇರೆ: ಇವತ್ತು ಆ ಗೋದಾಮಿನಲ್ಲಿ ಎಷ್ಟಿದೆ ಎಂಬ ಲೆಕ್ಕ. ಪರವಾನಗಿಯ ಕಡತ ಒಂದು ಕಚೇರಿಯಲ್ಲಿ, ದಾಸ್ತಾನು ಪುಸ್ತಕ ಉರಿಯುತ್ತಿರುವ ಕೋಣೆಯಲ್ಲೇ ಇದ್ದರೆ ಠಾಣಾಧಿಕಾರಿ ಏನನ್ನು ನೋಡಿ ತೀರ್ಮಾನಿಸಬೇಕು?

ದೂರ ನಿಲ್ಲಬೇಕೆಂಬ ಮಾತಿಗೆ ಬರುವ ಮೊದಲ ಆಕ್ಷೇಪ ಸಣ್ಣದಲ್ಲ. ಒಳಗೆ ಜನ ಸಿಕ್ಕಿಕೊಂಡಿರುವಾಗ ದೂರ ನಿಲ್ಲುವುದು ಕರ್ತವ್ಯಲೋಪವಲ್ಲವೇ? ಬೆಂಕಿ ಇನ್ನೂ ಮಾಲನ್ನು ಮುಟ್ಟಿಲ್ಲವೆಂದರೆ ಒಳಹೋಗಿ ಕರೆತರುವುದು ಸರಿ, ಅದಕ್ಕೇ ಈ ಸೇವೆ ಇರುವುದು. ಮುಟ್ಟಿದ ಮೇಲೆ ಲೆಕ್ಕ ಬದಲಾಗುತ್ತದೆ. 2012ರ ಸೆಪ್ಟೆಂಬರ್ 5ರಂದು ಶಿವಕಾಶಿ ಬಳಿಯ ಮುದಲಿಪಟ್ಟಿಯಲ್ಲಿ ಪಟಾಕಿ ಕಾರ್ಖಾನೆ ಸಿಡಿದಾಗ ಸತ್ತವರಲ್ಲಿ ಬಹಳ ಮಂದಿ ನೋಡಲು, ನೆರವಾಗಲು ಓಡಿಬಂದವರು. ಇನ್ನೊಂದು ಆಕ್ಷೇಪ: ನೂರು ಕಿಲೋ ಪಟಾಕಿಯ ಹಬ್ಬದ ಮಳಿಗೆಗೂ ಇದೇ ನಿಯಮ ಹಿಡಿದರೆ ಪೇಟೆಯೇ ಉರಿದುಹೋದೀತು. ಒಪ್ಪತಕ್ಕ ಮಾತು. ಸುರುಸುರುಬತ್ತಿ, ಹೂಕುಂಡದ ಸಣ್ಣ ದಾಸ್ತಾನಿಗೆ ಬೇಗ ನೀರು ಹಾಯಿಸುವುದೇ ಮದ್ದು. ಆದರೆ ಇದು ಸಣ್ಣದು, ಅದು ದೊಡ್ಡದು ಎಂದು ಬೇರ್ಪಡಿಸಲು ಬೇಕಾದದ್ದೂ ಅದೇ ಮಾಹಿತಿ.

ರಸ್ತೆಯ ಮೇಲೂ ಪ್ರಶ್ನೆ ಇದೇ. ಉತ್ತರ ಅಮೆರಿಕದ ಅಗ್ನಿಶಾಮಕರು ಬಳಸುವ ತುರ್ತು ಕೈಪಿಡಿಯ ಪ್ರಕಾರ, ಉಗ್ರ ವರ್ಗದ ಸ್ಫೋಟಕ ಹೊತ್ತ ಲಾರಿಯ ಮಾಲಿಗೆ ಬೆಂಕಿ ತಗುಲಿದರೆ ನಂದಿಸಲು ಹೋಗಬಾರದು, ಎಲ್ಲ ದಿಕ್ಕಿಗೂ 1,600 ಮೀಟರ್‌ವರೆಗೆ ತೆರವು ಮಾಡಬೇಕು, 1.4 ವರ್ಗಕ್ಕೆ 500 ಮೀಟರ್. ಬೆಂಕಿ ಟೈರಿನಲ್ಲೇ ಇದ್ದರೆ ಮಾತ್ರ ನೀರಿನಲ್ಲಿ ಮುಳುಗಿಸಬೇಕು. ಹಿರಿಯೂರಿನ ನಡುವಿನಿಂದ 1,600 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ಪೇಟೆಯ ಬಹುಭಾಗ ಒಳಗೆ ಬೀಳುತ್ತದೆ. ಅಷ್ಟನ್ನು ಒಂದು ಜಲವಾಹನದ ಸಿಬ್ಬಂದಿ ತೆರವು ಮಾಡಿಸಲಾರರು. ಪೊಲೀಸರು, ತಹಶೀಲ್ದಾರರು, ಟೋಲ್ ಗೇಟಿನವರು ಮೊದಲೇ ಕೂತು ಯೋಚಿಸಿರಬೇಕು. ಲಾರಿಯ ಮೇಲಿನ ಅಪಾಯದ ಫಲಕವನ್ನು ಮೋಟಾರು ವಾಹನ ನಿಯಮಗಳು ಕಡ್ಡಾಯ ಮಾಡಿವೆ. ಬೇರೆ ಸಾಮಾನಿನ ನಡುವೆ ಪಟಾಕಿ ಬಚ್ಚಿಟ್ಟು ಫಲಕವಿಲ್ಲದೆ ಸಾಗಿಸುವವನು ತನ್ನ ಬಾಡಿಗೆ ಉಳಿಸಲು ಅಗ್ನಿಶಾಮಕನ ಪ್ರಾಣವನ್ನು ಪಣಕ್ಕಿಡುತ್ತಾನೆ. ಅದನ್ನು ತೆರಿಗೆ ತಪ್ಪಿಸಿದ ಅಪರಾಧದಂತೆ ದಂಡ ಹಾಕಿ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಈ ವಿದ್ಯೆಯಲ್ಲಿ ತೀರ ಕಡಿಮೆ ಬೆಳೆದಿರುವ ಭಾಗ ಬೆಂಕಿ ಆರಿದ ನಂತರದ್ದು. ನೆಂದು ಒಣಗುತ್ತಿರುವ ಪಟಾಕಿ, ಅರ್ಧ ಸುಟ್ಟ ಬತ್ತಿ, ವಶಪಡಿಸಿಕೊಂಡ ಮಾಲು ಇವುಗಳನ್ನು ಯಾರು ಮುಟ್ಟಬೇಕು, ಎಲ್ಲಿ ಇಡಬೇಕು? 2021ರ ಜನವರಿ 21ರಂದು ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದ ಬೆನ್ನಿಗೆ, ಫೆಬ್ರವರಿ 23ರಂದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ವಿಲೇವಾರಿಗೆ ಹೋದ ಆರು ಮಂದಿ ಸತ್ತರು. ಹೊಸದುರ್ಗ, ಹೊಳಲ್ಕೆರೆಯಂಥ ಗಣಿ ತಾಲ್ಲೂಕುಗಳಲ್ಲಿ ಇಂಥ ಮಾಲು ಸಿಕ್ಕಾಗ ಮೊದಲ ಕರೆ ಹೋಗುವುದು ಪೊಲೀಸ್ ಠಾಣೆಗೆ ಅಥವಾ ಅಗ್ನಿಶಾಮಕ ಠಾಣೆಗೆ. ಬಾಂಬ್ ನಿಷ್ಕ್ರಿಯ ದಳ ಬರುವವರೆಗೆ ಅದನ್ನು ಕದಲಿಸದೆ, ಸುತ್ತ ಜನ ಸೇರಗೊಡದೆ ಕಾಯಬೇಕೆಂಬ ಲಿಖಿತ ಆದೇಶ ಆ ಠಾಣೆಯ ಮೇಜಿನ ಮೇಲೆ ಇರಬೇಕು, ಮತ್ತು ಕಾದದ್ದಕ್ಕೆ ಯಾರೂ ಅವರನ್ನು ಹೊಣೆ ಮಾಡಬಾರದು.