ಬಾಟ್ಲಿಯ ಮೈಮೇಲಿನ ಚರಿತ್ರೆ

ನಮ್ಮ ದೊಡವಾಡದಲ್ಲಿ ಹಳೇ ಮನೆ ಕೆಡವಿದರೆ ಅಟ್ಟದ ಸಾಮಾನು ನೇರವಾಗಿ ಮೋಡಕಾದವನ ಪಾಲು. ಹಿತ್ತಾಳೆಗೆ ತೂಕದ ಬೆಲೆ ಸಿಗುತ್ತದೆ, ಗಾಜನ್ನು ಯಾರೂ ಕೇಳುವುದಿಲ್ಲ. ಹಾಗೆ ಬೈಲಹೊಂಗಲದ ಮೋಡಕಾ ಅಂಗಡಿ ಸೇರಿದ್ದ ಒಂದು ಗೋಲಿ ಸೋಡಾ ಬಾಟ್ಲಿ ಈಗ ನನ್ನ ಕಪಾಟಿನಲ್ಲಿದೆ. "ಇಂಗ್ರೇಜರ ಕಾಲದ್ದರಿ ಮಾಸ್ತರ್ರ" ಎಂದು ಅಂಗಡಿಯಾತ ಕೊಟ್ಟ. ಹಳೇದೆಲ್ಲ ಮಾರುವವರ ಬಾಯಲ್ಲಿ ಇಂಗ್ರೇಜರ ಕಾಲದ್ದೇ. ಸಾಕ್ಷಿ ಹೇಳಬೇಕಾದದ್ದು ಬಾಟ್ಲಿ.

ತಿಳಿಹಸಿರು ಬಣ್ಣದ ದಪ್ಪ ಗಾಜು, ಒಳಗೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಕುತ್ತಿಗೆಯಲ್ಲಿ ಚಿವುಟಿದಂತೆ ತಗ್ಗು. ಸುರಿಯುವಾಗ ಗೋಲಿ ಅಲ್ಲಿ ಸಿಕ್ಕಿ ನಿಲ್ಲುತ್ತದೆ. ಬಾಯಿಯ ಒಳಗೆ ರಬ್ಬರ್ ಉಂಗುರ ಕೂರುವ ಕಚ್ಚು. ಬಾಟ್ಲಿಯನ್ನು ತಲೆಕೆಳಗು ಮಾಡಿ ಗ್ಯಾಸ್ ತುಂಬಿದರೆ ಒಳಗಿನ ಒತ್ತಡವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಲಂಡನ್ನಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಯುಕ್ತಿ ಇದು. ಉಬ್ಬಕ್ಷರದಲ್ಲಿ ಡ್ಯಾನ್ ರೈಲಂಡ್ಸ್, ಬಾರ್ನ್ಸ್ಲಿ ಎಂದಿದೆ. ರೈಲಂಡ್ಸ್ 1880ರ ದಶಕದಲ್ಲಿ ಕಾಡ್‌ನ ಪಾಲುದಾರನಾಗಿದ್ದವ. ಅದೇ ದಶಕದ ಕೊನೆಗೆ ಬೆಳಗಾವಿಗೆ ರೈಲು ಬಂತು. ಅಲ್ಲಿನ ದಂಡಿನ ಸಿಪಾಯಿಗಳಿಗೆ ಸೋಡಾ ಬೇಕಿತ್ತು. ಇಂಥ ಬಾಟ್ಲಿ ನಮ್ಮ ಸೀಮೆಗೆ ಬಂದ ದಾರಿ ಅದೇ ಇರಬೇಕೆಂದು ನನ್ನ ಎಣಿಕೆ.

ಔಷಧದ ಬಾಟ್ಲಿಗಾದರೆ ಇನ್ನೊಂದು ಪರೀಕ್ಷೆ ಇದೆ. ಪಕ್ಕದ ಮೇಲಿನ ಅಚ್ಚಿನ ಗೆರೆಯನ್ನು ಉಗುರಿನಿಂದ ಸವರುತ್ತ ಮೇಲೆ ಹೋಗಿ. ಗೆರೆ ಕುತ್ತಿಗೆಯಲ್ಲೇ ಮುಗಿದರೆ ಬಾಯಿಯನ್ನು ಕೈಯಿಂದ ತಿದ್ದಿದ್ದಾರೆ; ತುಟಿಯ ಅಂಚನ್ನೂ ದಾಟಿದರೆ ಅದು ಯಂತ್ರದ ಬಾಟ್ಲಿ, ಅಮೆರಿಕದ ಓವೆನ್ಸ್ 1903ರಲ್ಲಿ ಯಂತ್ರ ಸಿದ್ಧಪಡಿಸಿದ ನಂತರದ್ದು. ಗೋಲಿ ಬಾಟ್ಲಿಗೆ ಈ ಪರೀಕ್ಷೆ ನಡೆಯದು. ಗೋಲಿ ಹಾಕಿದ ಮೇಲೆಯೇ ಅದರ ಬಾಯಿಯನ್ನು ಕಿರಿದು ಮಾಡಬೇಕು, ಆದ್ದರಿಂದ ಹೊಸದರಲ್ಲೂ ಗೆರೆ ಮೇಲಿನವರೆಗೆ ಹೋಗುವುದಿಲ್ಲ. ಇದನ್ನು ತಿಳಿಯದೆ ನಿನ್ನೆ ಮೊನ್ನೆಯ ಬಾಟ್ಲಿಗೆ ದುಡ್ಡು ಸುರಿಯುವವರನ್ನು ಕಂಡರೆ ಸಂಕಟವಾಗುತ್ತದೆ.

ದೇಶಿ ಗಾಜಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಸ್ವದೇಶಿ ಚಳವಳಿಯ ಕಾಲದಲ್ಲಿ ಜನರು ಪೈಸೆ ಪೈಸೆ ಕೂಡಿಸಿದ ನಿಧಿಯಿಂದ ಪುಣೆ ಹತ್ತಿರದ ತಳೇಗಾವದಲ್ಲಿ 1908ರಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಕರಾಡದ ಬಳಿ ಓಗಲೇವಾಡಿಯ ಕಾರ್ಖಾನೆ 1916ರದು. ಅದರ ಪ್ರಭಾಕರ ಕಂದೀಲು ಊರೂರಲ್ಲಿ ಉರಿಯಿತು.

ಮನೆ ಕೆಡವುವ ಮುನ್ನ ಅಟ್ಟ ನೋಡಿ. ಸಿಕ್ಕ ಬಾಟ್ಲಿಯನ್ನು ಬೂದಿ ಹಾಕಿ ತಿಕ್ಕಬೇಡಿ, ಬರೀ ನೀರು ಸಾಕು. ಯಾರ ಮನೆ, ಯಾವ ಓಣಿ ಎಂದು ಚೀಟಿ ಬರೆದು ಕಟ್ಟಿ. ಒಡೆದ ಚೂರಿನಲ್ಲಿ ಅಕ್ಷರವಿದ್ದರೆ ಅದನ್ನೂ ಇಟ್ಟುಕೊಳ್ಳಿ.