ಸ್ಥಿರಾಸ್ತಿ ಹಣಕಾಸಿನ ಆನ್‌ಲೈನ್ ಕಲಿಕೆ: ಪಶ್ಚಿಮ ಬೆಂಗಳೂರು

ಸ್ಥಿರಾಸ್ತಿ ಹಣಕಾಸು ಎಂದರೆ ನಿವೇಶನ, ಮನೆ, ವಾಣಿಜ್ಯ ಕಟ್ಟಡಗಳನ್ನು ಕೊಳ್ಳಲು, ಕಟ್ಟಲು, ಅಡವಿಡಲು ಬೇಕಾದ ಹಣದ ಲೆಕ್ಕವನ್ನೂ ಅದಕ್ಕೆ ಸಂಬಂಧಿಸಿದ ಕಾನೂನನ್ನೂ ಅಭ್ಯಾಸ ಮಾಡುವ ವಿಷಯ. ಬ್ಯಾಂಕಿನ ಸಾಲ ವಿಭಾಗ, ಗೃಹಸಾಲ ಕಂಪನಿ, ಬಿಲ್ಡರ್ ಕಚೇರಿ, ಆಸ್ತಿ ಮೌಲ್ಯಮಾಪನ ಮೊದಲಾದ ಕಡೆ ಕೆಲಸದಲ್ಲಿರುವವರು ಬಡ್ತಿಗಾಗಿಯೋ ಹುದ್ದೆ ಬದಲಿಸಲೋ ಇದನ್ನು ಆನ್‌ಲೈನ್ ಕೋರ್ಸುಗಳ ಮೂಲಕ ಮನೆಯಿಂದಲೇ ಕಲಿಯುತ್ತಾರೆ.

ಈ ಕಲಿಕೆಗೆ ಪಶ್ಚಿಮ ಬೆಂಗಳೂರು ಒಳ್ಳೆಯ ಪ್ರಯೋಗಶಾಲೆ, ಏಕೆಂದರೆ ಬಗೆಬಗೆಯ ಆಸ್ತಿಗಳು ಇಲ್ಲಿ ಅಕ್ಕಪಕ್ಕದಲ್ಲೇ ಇವೆ. ನಗರದಲ್ಲಿ ಯೋಜಿತ ಬಡಾವಣೆ ಮಾಡಲು 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. 1976ರ ಕಾಯಿದೆಯಡಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅದರ ಜಾಗಕ್ಕೆ ಬಂತು. ಸಿ. ರಾಜಗೋಪಾಲಾಚಾರಿ ಅವರ ಹೆಸರು ಹೊತ್ತ ರಾಜಾಜಿನಗರದಿಂದ ಮೊದಲುಗೊಂಡು ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ನಾಡಪ್ರಭು ಕೆಂಪೇಗೌಡ ಬಡಾವಣೆಯವರೆಗೆ ಯೋಜಿತ ಬಡಾವಣೆಗಳು ಪಶ್ಚಿಮಕ್ಕೆ ಹಬ್ಬಿವೆ. ಅವುಗಳ ಮಗ್ಗುಲಲ್ಲೇ ಕಂದಾಯ ನಿವೇಶನಗಳೂ ಹಳೆಯ ಊರುಗಳ ಗ್ರಾಮಠಾಣಾ ಮನೆಗಳೂ ಇವೆ. ಮೆಟ್ರೊ 2015ರ ನವೆಂಬರ್‌ನಲ್ಲಿ ವಿಜಯನಗರಕ್ಕೆ, 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು. ವಿಜಯನಗರ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಗೆ ಮೊದಲೇ ಹೆಸರಾದದ್ದು. ಹೀಗಾಗಿ ಹುದ್ದೆಗಾಗಿ ಓದುವುದು ಇಲ್ಲಿಯವರಿಗೆ ಹೊಸದಲ್ಲ.

ಕೋರ್ಸುಗಳ ತಿರುಳು ಲೆಕ್ಕ. ಹಣದ ಕಾಲಮೌಲ್ಯ, ಸಾಲದ ಕಂತು, ನಿವ್ವಳ ವರ್ತಮಾನ ಮೌಲ್ಯ, ಆಂತರಿಕ ಪ್ರತಿಫಲ ದರ, ಸಾಲ ತೀರಿಸುವ ಸಾಮರ್ಥ್ಯ, ಇಷ್ಟನ್ನೂ ಎಕ್ಸೆಲ್‌ನಲ್ಲಿ ಕಟ್ಟಿ ತೋರಿಸುವುದು. 50 ಲಕ್ಷ ರೂಪಾಯಿ ಸಾಲವನ್ನು ಶೇ 8.5ರ ಬಡ್ಡಿಗೆ 20 ವರ್ಷದ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 43,391 ರೂಪಾಯಿ. ಅವಧಿ ಮುಗಿಯುವ ಹೊತ್ತಿಗೆ ಕಟ್ಟಿದ ಬಡ್ಡಿಯೇ 54 ಲಕ್ಷ ದಾಟಿರುತ್ತದೆ. ಈ ಕೋಷ್ಟಕವನ್ನು ಸ್ವಂತ ಕೈಯಿಂದ ಕಟ್ಟಿದವರಿಗೆ ಮೊದಲ ವರ್ಷಗಳ ಕಂತಿನಲ್ಲಿ ಅಸಲು ಎಷ್ಟು ಕಡಿಮೆ ತೀರುತ್ತದೆ ಎಂಬುದು ಯಾರೂ ಹೇಳದೆಯೇ ಗೊತ್ತಾಗುತ್ತದೆ.

ವಿದೇಶಿ ವಿಶ್ವವಿದ್ಯಾಲಯಗಳ ಪಾಠಗಳಲ್ಲಿ ಸಿಗದ ಉದಾಹರಣೆಗಳೂ ಈ ಭಾಗದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಮನೆ ಭೋಗ್ಯ ಮುಖ್ಯವಾದದ್ದು. ತಿಂಗಳಿಗೆ 15,000 ರೂಪಾಯಿ ಬಾಡಿಗೆ ಬರುವ ಮನೆಯನ್ನು ಮಾಲೀಕ 15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟ ಎಂದಿಟ್ಟುಕೊಳ್ಳೋಣ. ಬಾಡಿಗೆ ಇಲ್ಲ, ಅವಧಿ ಮುಗಿದ ಮೇಲೆ ಪೂರ್ತಿ ಹಣ ವಾಪಸು. ಮಾಲೀಕ ಬಿಟ್ಟುಕೊಟ್ಟದ್ದು ವರ್ಷಕ್ಕೆ 1.8 ಲಕ್ಷದ ಬಾಡಿಗೆ. ಅಂದರೆ ಶೇ 12ರ ಬಡ್ಡಿಗೆ ಅವನು ಸಾಲ ಎತ್ತಿದಂತಾಯಿತು. ಮನೆ ಸಾಲದ ಬಡ್ಡಿಗಿಂತ ಇದು ದುಬಾರಿ. ಭೋಗ್ಯಕ್ಕೆ ಪಡೆದವನ ಕಡೆಯಿಂದ ನೋಡಿದರೆ ಒಳ್ಳೆಯ ಪ್ರತಿಫಲವೇ, ಆದರೆ ಮಾಲೀಕ ಹಣ ಹಿಂದಿರುಗಿಸದಿದ್ದರೆ ಎಂಬ ಅಪಾಯ ಅದಕ್ಕೆ ಅಂಟಿಕೊಂಡಿದೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ವಾಣಿಜ್ಯ ಕಟ್ಟಡಗಳ ಲೆಕ್ಕ ಬೇರೆ. ಅಲ್ಲಿ ಬೆಲೆಯನ್ನು ಬಾಡಿಗೆ ನಿರ್ಧರಿಸುತ್ತದೆ. ನಿವ್ವಳ ವಾರ್ಷಿಕ ಬಾಡಿಗೆ 1 ಕೋಟಿ ಬರುವ ಕಟ್ಟಡದಿಂದ ಮಾರುಕಟ್ಟೆ ಶೇ 8ರ ಪ್ರತಿಫಲ ಬಯಸಿದರೆ ಅದರ ಮೌಲ್ಯ 12.5 ಕೋಟಿ. ಇಂಥ ಕಟ್ಟಡಗಳನ್ನು ಸಾಮಾನ್ಯ ಹೂಡಿಕೆದಾರರೂ ಷೇರಿನಂತೆ ಕೊಳ್ಳಲು ಷೇರುಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್‌ಗಳ (ರೀಟ್) ನಿಯಮಗಳನ್ನು ತಂದಿತು. 2019ರ ಏಪ್ರಿಲ್‌ನಲ್ಲಿ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂದದ್ದು ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್. ಅಲ್ಲಿಂದೀಚೆಗೆ ಈ ವಿಷಯ ಬಲ್ಲ ವಿಶ್ಲೇಷಕರ ಹುದ್ದೆಗೆ ಹೊಸ ಅರ್ಥ ಬಂತು.

ಆನ್‌ಲೈನ್ ಪಾಠದ ಕೊರತೆ ಕಾಣುವುದು ದಾಖಲೆಗಳ ವಿಷಯದಲ್ಲಿ. ಲೆಕ್ಕ ಸರಿಯಿದ್ದರೂ ಕಾಗದಪತ್ರ ಸರಿಯಿಲ್ಲದಿದ್ದರೆ ಸಾಲದ ಅರ್ಜಿ ನಿಲ್ಲಬಹುದು. ಮೂಲಪತ್ರದಿಂದ ಇಂದಿನ ಕ್ರಯಪತ್ರದವರೆಗಿನ ಸರಣಿ, ಋಣಭಾರ ಪತ್ರ (ಇಸಿ), ಎ ಖಾತಾ–ಬಿ ಖಾತಾ ವ್ಯತ್ಯಾಸ, ಭೂಪರಿವರ್ತನೆಯ ಆದೇಶ, ಪಹಣಿ, ಪೋಡಿ (ಜಮೀನಿನ ಅಳತೆ-ವಿಭಜನೆ), ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ 1978ರ ಕಾಯಿದೆ, ಇವೆಲ್ಲ ಕರ್ನಾಟಕದ ನೆಲದ ಸಂಗತಿಗಳು. ಬಿಡಿಎ ನಿವೇಶನಕ್ಕೆ ಮೊದಲು ಸಿಗುವುದು ಗುತ್ತಿಗೆ-ಸಹಿತ-ಕ್ರಯದ ಕರಾರು, ಹತ್ತು ವರ್ಷದ ಷರತ್ತಿನೊಂದಿಗೆ. ಕೆಂಗೇರಿ ಸುತ್ತಿನ ಅರ್ಜಿಯೊಂದನ್ನು ಪರಿಶೀಲಿಸುವ ಅಧಿಕಾರಿಗೆ ಇದು ತಿಳಿಯದಿದ್ದರೆ ಎಷ್ಟು ಸರ್ಟಿಫಿಕೇಟು ಇದ್ದರೂ ಸಾಲದು. ಬ್ಯಾಂಕಿನ ಪ್ಯಾನೆಲ್ ವಕೀಲರ ಲೀಗಲ್ ಒಪಿನಿಯನ್‌ಗಳನ್ನು ಸಾಲುಸಾಲಾಗಿ ಓದುವುದೇ ಇದಕ್ಕೆ ಸರಿಯಾದ ಪಾಠ.

ದಾಖಲೆಗಳಂತೆಯೇ ರಿಸರ್ವ್ ಬ್ಯಾಂಕಿನ ಮತ್ತು ರೇರಾದ ನಿಯಮಗಳೂ ಗೊತ್ತಿರಬೇಕು. 30 ಲಕ್ಷದವರೆಗಿನ ಮನೆ ಸಾಲಕ್ಕೆ ಆಸ್ತಿ ಮೌಲ್ಯದ ಶೇ 90, ಅಲ್ಲಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲ್ಪಟ್ಟರೆ ಶೇ 75 ಮಿತಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಮನೆ ಸಾಲಗಳನ್ನು ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು. 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ, ಅಂದರೆ ರೇರಾದ ಪ್ರಕಾರ ಖರೀದಿದಾರರಿಂದ ಬಂದ ಹಣದ ಶೇ 70ನ್ನು ಬಿಲ್ಡರ್ ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು.

ಅರ್ಹತೆಯ ವಿಷಯದಲ್ಲಿ ಜಾಹೀರಾತು ಒಂದು ಹೇಳುತ್ತದೆ, ನಿಯಮ ಇನ್ನೊಂದು. ಕಂಪನಿ ಕಾಯಿದೆಯಡಿ ನೋಂದಾಯಿತ ಮೌಲ್ಯಮಾಪಕರಾಗಲು 2017ರ ನಿಯಮಗಳು 50 ಗಂಟೆಯ ತರಬೇತಿಯನ್ನೂ ಕಂಪ್ಯೂಟರ್ ಪರೀಕ್ಷೆಯನ್ನೂ ಕೇಳುತ್ತವೆ. ಆದರೆ ಜಮೀನು-ಕಟ್ಟಡ ವಿಭಾಗಕ್ಕೆ ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪದಂಥ ವಿಷಯಗಳ ಪದವಿ ಮತ್ತು ಕೆಲಸದ ಅನುಭವ ಬೇಕು, ಬಿ.ಕಾಂ. ಓದಿದವರು ತರಬೇತಿಯೊಂದರ ಬಲದಿಂದ ಆ ಬಾಗಿಲು ಪ್ರವೇಶಿಸಲಾಗದು. ರೇರಾ ಯೋಜನೆಯ ಮನೆ ಮಾರಿಸುವ ಏಜೆಂಟರಿಗೂ ರೇರಾ ನೋಂದಣಿ ಕಡ್ಡಾಯ. ಬ್ಯಾಂಕ್ ನೌಕರರಿಗೆ 1928ರಿಂದಿರುವ ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆಯ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳೇ ಇನ್‌ಕ್ರಿಮೆಂಟಿಗೆ ನೇರ ದಾರಿ. ಕಡಿಮೆ ಖರ್ಚಿನಲ್ಲಿ ಹಣಕಾಸಿನ ತಳಪಾಯ ಹಾಕಿಕೊಳ್ಳಲು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ವಯಂ ವೇದಿಕೆ ಇದೆ. ಪಾಠ ಉಚಿತ, ಸರ್ಟಿಫಿಕೇಟಿನ ಪರೀಕ್ಷೆಗಷ್ಟೇ ಶುಲ್ಕ.

ಪದವಿಯ ಹೆಸರಿನ ಆನ್‌ಲೈನ್ ಕೋರ್ಸಿಗೆ ಹಣ ಕಟ್ಟುವ ಮುನ್ನ ಅದನ್ನು ನಡೆಸುವ ವಿಶ್ವವಿದ್ಯಾಲಯಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅನುಮತಿ ಇದೆಯೇ ನೋಡಿಕೊಳ್ಳಿ. ಕಲಿಯಲು ತೊಡಗಿದ ಮೇಲೆ ಕರ್ನಾಟಕ ರೇರಾ ಜಾಲತಾಣದಲ್ಲಿ ನಿಮ್ಮ ಮನೆಯ ಹತ್ತಿರದ ಯೋಜನೆಯೊಂದರ ದಾಖಲೆಗಳನ್ನು ತೆರೆದು, ಅದರ ಹಣದ ಹರಿವನ್ನು ಸ್ವತಃ ಲೆಕ್ಕ ಹಾಕಿ. ಸಂದರ್ಶನದಲ್ಲಿ ಮೇಜಿನ ಮೇಲಿಡಲು ಸರ್ಟಿಫಿಕೇಟಿಗಿಂತ ಆ ಹಾಳೆ ಹೆಚ್ಚು ಕೆಲಸಕ್ಕೆ ಬರುತ್ತದೆ.